ಟಾಪಿಲ್ಲದ ಕಾರಿನ ಸಾವ್ಕಾರರು

ಸಾವ್ಕಾರರು ತೀರಿಕೊಂಡರೆಂದು ಸಿಂಧನೂರಿನಿಂದ ಹಳೆಯ ಸಹೋದ್ಯೋಗಿಯೊಬ್ಬ ಫೋನು ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಯಾರ ಹೇಳಿದ್ರು ನಿನಗ?’ ಎಂಬುದು. ಸಾವಿನ ಸುದ್ದಿಗೆ ಯಾರೂ ಹೀಗೆ ಕೇಳುವುದಿಲ್ಲ. ಆದರೆ ಆ ಮನುಷ್ಯನ ವಿಷಯದಲ್ಲಿ ಸುದ್ದಿಯ ಬೇರು ಎಲ್ಲಿದೆ ಎಂದು ನೋಡದೆ ಏನನ್ನೂ ನಂಬುವ ಹಾಗಿರಲಿಲ್ಲ. ಸತ್ತಿದ್ದೇನೆ ಎಂದು ಅವರೇ ಹೇಳಿ ಕಳಿಸಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಫೋನಿಟ್ಟ ಮೇಲೆ ಹೆಂಡತಿ ತಲೆ ಚಚ್ಚಿಕೊಂಡಳು. ‘ಸತ್ತವ್ರ ಮ್ಯಾಲೂ ಸಂಶೇ ಏನ್ರಿ? ಬುದ್ಧ ಬಂದು ಬಾಗಲದಾಗ ನಿಂತ್ರೂ ನೀವು ಹಿಂದ ತಿರಿಗಿಸಿ ಸೀಲ್ ನೋಡವ್ರು.’

ಸೀಲು ನೋಡುವುದು ನನ್ನ ನೌಕರಿಯಾಗಿತ್ತು. ಮೂವತ್ತು ಚಿಲ್ಲರೆ ವರ್ಷ ಕರೆಂಟಿನ ಮೀಟರು ಓದಿದವನು ನಾನು. ಹೆಚ್ಚಿನ ಕಾಲ ಸಿಂಧನೂರಿನ ಅಕ್ಕಿ ಗಿರಣಿಗಳಲ್ಲೇ ಕಳೆಯಿತು. ಗಿರಣಿಗೆ ಹೋದ ಕೂಡಲೇ ಮಾಲೀಕನ ಮುಖ ನೋಡುವ ಮೊದಲು ಮೀಟರಿನ ತಂತಿಗೆ ಕಟ್ಟಿದ ಸೀಸದ ಸೀಲನ್ನು ನೋಡಬೇಕು. ಅದು ಕದಲಿದೆಯೇ, ತಂತಿ ಸಡಿಲವಾಗಿದೆಯೇ, ಯಾರಾದರೂ ಬಿಸಿ ಮಾಡಿ ತೆಗೆದು ಮತ್ತೆ ಒತ್ತಿದ್ದಾರೆಯೇ. ಈ ಕಣ್ಣು ಒಮ್ಮೆ ಬಂದರೆ ಮನೆಗೆ ಬಂದ ಮೇಲೂ ಹೋಗುವುದಿಲ್ಲ. ಹೆಂಡತಿ ಸಾರಿಗೆ ಉಪ್ಪು ಸರಿಯಾಗಿ ಹಾಕಿದ ದಿನ ಏನೋ ವಿಶೇಷವಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೂ ಮುಂಚಿನ ಒಂದು ಕಾರಣವೂ ಇದೆ. ನಾನು ಹುಟ್ಟಿದ ಕೇರಿಯಲ್ಲಿ, ಮೇಲಿನವರು ಯಾರಾದರೂ ನಕ್ಕು ಮಾತಾಡಿಸಿದರೆ ಏನು ಕೆಲಸ ಹಚ್ಚಲು ಬಂದಿದ್ದಾರೆ ಎಂದು ಯೋಚಿಸುವುದನ್ನು ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಿದ್ದವು.

ಸಾವ್ಕಾರರು ಕಾಲುವೆ ಬಂದ ಕಾಲದಲ್ಲಿ ಆಂಧ್ರದಿಂದ ಬಂದು ನೆಲೆನಿಂತವರ ಪೈಕಿ. ಗಂಗಾವತಿ ರಸ್ತೆಯಲ್ಲಿ ಅವರದೊಂದು ಸಣ್ಣ ಗಿರಣಿ. ಎತ್ತರದ ಆಳು, ಬಿಳಿ ಅರ್ಧ ತೋಳಿನ ಅಂಗಿ, ಕೊರಳಿಗೆ ಸದಾ ಒಂದು ಒದ್ದೆ ಟವೆಲು. ನಮ್ಮ ಕಡೆಯ ಕನ್ನಡವನ್ನು ನಮಗಿಂತ ಸೊಗಸಾಗಿ ಆಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ತೆಲುಗು. ನಾನು ಮೊದಲ ಸಲ ಅವರ ಗಿರಣಿಗೆ ಹೋದಾಗ ತಾವೇ ಬ್ಯಾಟರಿ ಹಿಡಿದುಕೊಂಡು ಮುಂದೆ ಬಂದರು.

‘ಬರ್ರಿ ಮೀಟರ್ ಸಾಹೇಬ್ರ, ಇಲ್ಲಿ ನೋಡ್ರಿ ಸೀಲು. ಹಿಂದ್ಲ ಕಡಿನೂ ನೋಡ್ರಿ. ಜಗ್ಗಿ ನೋಡ್ರಿ ಬೇಕಾದ್ರ.’

ನನಗೆ ಅಲ್ಲೇ ಅನುಮಾನ ಶುರುವಾಯಿತು. ಸರಿಯಾಗಿರುವವನು ಸೀಲನ್ನು ತಾನಾಗಿ ಯಾಕೆ ತೋರಿಸುತ್ತಾನೆ? ಅಂದಿನಿಂದ ಬೇರೆ ಗಿರಣಿಗಳಿಗೆ ತಿಂಗಳಿಗೊಮ್ಮೆ ಹೋದರೆ ಅವರಲ್ಲಿಗೆ ನಡುನಡುವೆ ಹೇಳದೆ ಕೇಳದೆ ಹೋಗತೊಡಗಿದೆ. ಪ್ರತಿ ಸಲವೂ ಲಿಂಬು ಸೋಡಾ ತರಿಸುತ್ತಿದ್ದರು. ನಾನು ಕುಡಿಯುತ್ತಿರಲಿಲ್ಲ. ಅದನ್ನೂ ತಾವೇ ಕುಡಿದು, ‘ನಿಮ್ಮ ಪುಣ್ಯಾದಾಗ ನನಗ ದಿನಾ ಎರಡು ಸೋಡಾ ಆದ್ವು ನೋಡ್ರಿ’ ಅನ್ನುತ್ತಿದ್ದರು.

ಅಂಥ ಮನುಷ್ಯ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಟಾಪಿಲ್ಲದ ಕೆಂಪು ಕಾರು ತಂದು ಊರ ನಡುವೆ ನಿಲ್ಲಿಸಿದರು. ಪಡುವಣ ಸಮುದ್ರದ ಕಡೆ ಯಾವುದೋ ಕಂಪನಿ ಇಂತಿಷ್ಟೇ ಎಂದು ಎಣಿಸಿ ಕೆಲವೇ ಕಾರುಗಳನ್ನು ಮಾಡಿ ನಿಲ್ಲಿಸಿಬಿಟ್ಟಿತಂತೆ. ಎರಡೇ ಸೀಟು. ಮೈಯೆಲ್ಲ ಫೈಬರು. ಸ್ಟೇರಿಂಗಿನ ಪಕ್ಕದಲ್ಲಿ ಇದು ಎಷ್ಟನೆಯ ಕಾರು ಎಂದು ಕೆತ್ತಿದ ಸಣ್ಣ ತಗಡು. ಜನ ಮುತ್ತಿಗೆ ಹಾಕಿ ಬೆರಳಿನ ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡಿದರು. ‘ಕಬ್ಬಣ ಅಲ್ಲಲೇ ಇದು, ಬಕೀಟ್ ಐತಿ’ ಎಂದು ಒಬ್ಬ ತೀರ್ಪು ಕೊಟ್ಟ. ನಾನು ಆ ತಗಡಿನ ನಾಲ್ಕು ಮೊಳೆಗಳನ್ನು ನೋಡಿದೆ. ಒಂದರ ಬಣ್ಣ ಬೇರೆಯಿತ್ತು. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಕಾರು ಎಲ್ಲಿಂದ ಬಂತು ಎಂಬುದಕ್ಕೆ ಅವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟರು. ನನಗೆ ಹೇಳಿದ್ದು, ಚೀಟಿಯಲ್ಲಿ ಬಂತು ಎಂದು. ಅಡತಿ ಅಂಗಡಿಯವರಿಗೆ, ಭಾವಮೈದುನ ಬಿಟ್ಟು ಹೋದದ್ದು ಎಂದು. ಗಿರಣಿಯ ಹಮಾಲರಿಗೆ, ‘ಡಾಕ್ಟ್ರು ದಿನಾ ಗಾಳಿ ಕುಡಿ ಅಂದಾರ್ರೋ’ ಎಂದು. ಕಳ್ಳ ಮಾಲು ಎಂದು ಕೆಲವರು, ಯಾರದೋ ಕಪ್ಪು ಹಣ ಎಂದು ಕೆಲವರು, ತಲೆ ಕೆಟ್ಟಿದೆ ಎಂದು ಉಳಿದವರು. ನಾನು ಈ ಮೂರೂ ಇರಬಹುದೆಂದು ತಿಳಿದಿದ್ದೆ.

ಸಿಂಧನೂರಿನ ಬೇಸಿಗೆಯಲ್ಲಿ ಟಾಪಿಲ್ಲದ ಕಾರು ಓಡಿಸುವುದೆಂದರೆ ಹೆಂಚಿನ ಮೇಲೆ ಕೂತ ಹಾಗೆ. ಗಿರಣಿಗಳ ಚಿಮಣಿಯಿಂದ ಹೊಟ್ಟಿನ ಬೂದಿ ಉದುರಿ ಸೀಟೆಲ್ಲ ಕಪ್ಪಾಗುತ್ತಿತ್ತು. ಕಾರಿನ ಜೊತೆ ಮಡಚುವ ಕ್ಯಾನ್ವಾಸು ಬಂದಿತ್ತು ನಿಜ, ಅದನ್ನು ಅವರು ಮಳೆ ಬಂದಾಗ ಅಂಗಳದ ಭತ್ತದ ಚೀಲಗಳಿಗೆ ಹೊದಿಸುತ್ತಿದ್ದರು. ತಾವು ಮಾತ್ರ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ಮಸ್ಕಿ, ಲಿಂಗಸುಗೂರು ಎಂದು ತಿರುಗುತ್ತಿದ್ದರು. ಕಾರು ಎಷ್ಟು ಕೆಳಗಿತ್ತೆಂದರೆ ರಸ್ತೆಯ ಹಂಪು ಬಂದರೆ ಹೊಟ್ಟೆ ತಾಗುತ್ತಿತ್ತು. ಆಗ ಅಲ್ಲಿದ್ದ ಹಮಾಲರನ್ನು ಕರೆಯುತ್ತಿದ್ದರು. ನಾಲ್ಕು ಜನ ಹಿಂದಿನಿಂದ ಎತ್ತಿ ದಾಟಿಸಿಬಿಡುತ್ತಿದ್ದರು. ಅಷ್ಟು ಹಗುರ. ಲಿಂಗಸುಗೂರಿನಲ್ಲಿ ಒಮ್ಮೆ ಪೊಲೀಸರೊಬ್ಬರು ತಡೆದು, ‘ಟಾಪ್ ಎಲ್ರಿ ಇದರದು?’ ಎಂದು ಕೇಳಿದ್ದಕ್ಕೆ, ‘ಕಳುವಾಗೈತ್ರಿ ಸಾಹೇಬ್ರ, ಕಂಪ್ಲೇಂಟ್ ಕೊಡಾಕ ಹೊಂಟೀನಿ’ ಎಂದು ಮುಖ ಸಣ್ಣದು ಮಾಡಿದರಂತೆ. ಇದನ್ನು ಅವರೇ ನನಗೆ ಹೇಳಿದ್ದು. ಹಾಗಾಗಿ ಇದೂ ಎಷ್ಟು ನಿಜವೋ ತಿಳಿಯದು.

ಆ ಹೊತ್ತಿಗೆ ನನ್ನ ಮದುವೆ ನಿಕ್ಕಿಯಾಯಿತು. ಹುಡುಗಿ ಲಿಂಗಸುಗೂರಿನಲ್ಲಿ ಶಾಲೆ ಮಾಸ್ತರಿಣಿ. ಮದುವೆ ನಮ್ಮೂರಲ್ಲೇ ಆಗಬೇಕೆಂದು ನನ್ನ ಅಪ್ಪನ ಹಟ. ನಮ್ಮೂರು ಮಸ್ಕಿಗೂ ಸಿಂಧನೂರಿಗೂ ನಡುವೆ, ಕಾಲುವೆಯ ಕೆಳಗೆ. ಹೆಸರು ಬೇಡ. ಅಲ್ಲಿ ಊರ ಬಾಗಿಲು, ನಮ್ಮ ಮಾತಿನಲ್ಲಿ ಅಗಸಿ, ದಾಟಿದ ಕೂಡಲೇ ಗೌಡರ ಕಟ್ಟೆ. ಆ ಕಟ್ಟೆಯ ಮುಂದೆ ನಮ್ಮ ಕೇರಿಯವರು ಯಾವ ಗಾಡಿಯ ಮೇಲೂ ಕೂತು ಹೋಗುವಂತಿರಲಿಲ್ಲ. ಸೈಕಲ್ಲಾದರೆ ಇಳಿದು ನೂಕಿಕೊಂಡು ಹೋಗಬೇಕು, ಕಟ್ಟೆ ದಾಟಿದ ಮೇಲೆ ಹತ್ತಬೇಕು. ಎಲ್ಲೂ ಬರೆದಿಟ್ಟದ್ದಲ್ಲ, ಯಾರೂ ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿ, ಮನೆಯ ಹಳೆಯ ಪೂಜೆ ಪುನಸ್ಕಾರಗಳನ್ನೆಲ್ಲ ಬಿಟ್ಟವನು. ಆದರೆ ಕಟ್ಟೆಯ ಮುಂದೆ ಸೈಕಲ್ ಇಳಿಯುವುದನ್ನು ಬಿಡಲು ಅವನಿಂದಲೂ ಆಗಿರಲಿಲ್ಲ. ನಮ್ಮ ಮದುವೆಯ ಮೆರವಣಿಗೆಗಳು ಕೇರಿಯ ಹಿಂದಿನ ದಾರಿಯಲ್ಲೇ ಸುತ್ತಿ ಮುಗಿಯುತ್ತಿದ್ದವು. ಮಗ ಸರಕಾರಿ ನೌಕರ, ಸೊಸೆ ಮಾಸ್ತರಿಣಿ, ಇವರ ಮೆರವಣಿಗೆಯಾದರೂ ನಡುಬೀದಿಯಲ್ಲಿ ಹೋಗಬೇಕು ಎಂದು ಅಪ್ಪ ಅಂದ. ನನಗೆ ಅದು ಬೇಕಿತ್ತು. ಹೇಳಿಕೊಳ್ಳಲಾರದಷ್ಟು ಬೇಕಿತ್ತು. ಆದರೆ ಬಾಡಿಗೆ ಜೀಪಿನವರು ಊರ ಹೆಸರು ಕೇಳಿದ ಕೂಡಲೇ ಅಂದು ಬೇರೆ ಕಡೆ ಕರಾರಾಗಿದೆ ಎನ್ನುತ್ತಿದ್ದರು.

ಇದು ಸಾವ್ಕಾರರ ಕಿವಿಗೆ ಹೇಗೆ ಬಿತ್ತೋ. ಮೀಟರು ಓದಲು ಹೋದ ದಿನ ಕೇಳಿದರು.

‘ಮೀಟರ್ ಸಾಹೇಬ್ರ, ನಿಮ್ಮ ಮೆರವಣಿಗಿಗೆ ನನ್ನ ಕಾರ್ ತರ್ತೀನಿ. ನಾನ ಹೊಡ್ಕೊಂಡು ಬರ್ತೀನಿ.’

‘ಯಾಕ್ರಿ?’ ಎಂದೆ. ಉಪಕಾರ ಸ್ಮರಣೆಯ ಮಾತು ನನ್ನ ಬಾಯಿಗೆ ಬರಲೇ ಇಲ್ಲ.

‘ನಿಂತು ನಿಂತು ಬ್ಯಾಟರಿ ಇಳಿಯಾಕತ್ತೈತ್ರಿ.’

ಹಿಂದಿನ ದಿನವಷ್ಟೇ ಅವರು ಅದರಲ್ಲಿ ಲಿಂಗಸುಗೂರಿಗೆ ಹೋಗಿ ಬಂದದ್ದನ್ನು ನಾನೇ ನೋಡಿದ್ದೆ. ಕೂಡಲೇ ಮೀಟರಿನ ಹತ್ತಿರ ಹೋಗಿ ಸೀಲನ್ನು ಎರಡೆರಡು ಸಲ ನೋಡಿದೆ. ಸರಿಯಾಗಿತ್ತು. ಅಂದರೆ ಇನ್ನು ಮುಂದೆ ಮುರಿಯುವವರಿದ್ದಾರೆ, ಅದಕ್ಕೆ ಮುಂಗಡ ಇದು ಎಂದುಕೊಂಡೆ. ಊರಿಗೆ ಹೋಗಿ ಅಪ್ಪನಿಗೆ, ‘ಬ್ಯಾಡಪ್ಪ, ಆ ಮನಷ್ಯಾನ ಹಕೀಕತ್ತು ಬ್ಯಾರೆ ಐತಿ’ ಎಂದೆ. ಅಷ್ಟರೊಳಗೆ ಸಾವ್ಕಾರರು ಊರಿಗೇ ಬಂದು ಅಪ್ಪನನ್ನು ಕಂಡು ಹೋಗಿದ್ದರು. ಅಪ್ಪನಿಗೆ ಹೇಳಿದ ಕಾರಣ, ಹೊಸ ಕಾರಿನಲ್ಲಿ ಮೊದಲು ಮದುಮಕ್ಕಳನ್ನು ಕೂರಿಸುತ್ತೇನೆಂದು ತಮ್ಮ ಹೆಂಡತಿ ಹರಕೆ ಹೊತ್ತಿದ್ದಾಳೆ ಎಂದು.

‘ಎರಡು ಕಾರಣ ಹೇಳ್ಯಾರ, ಅಂದ್ರ ಎರಡೂ ಸುಳ್ಳ’ ಎಂದೆ.

ಅಪ್ಪ ನನ್ನನ್ನೇ ನೋಡಿದ. ‘ಸುಳ್ಳರ ಇರ್ಲಿ, ಖರೇರ ಇರ್ಲಿ. ಗಾಡಿ ಐತಿ ಹೌದಲ್ಲೊ?’

ಮದುವೆಯ ದಿನ ಬೆಳಿಗ್ಗೆ ಪಂಚಶೀಲ ಹೇಳಿ, ಹಾರ ಬದಲಾಯಿಸಿ ಮುಗಿಯುವ ಹೊತ್ತಿಗೆ ಕೆಂಪು ಕಾರು ಕೇರಿಗೆ ಬಂತು. ಬರುವುದಿಲ್ಲ ಎಂದು ನಾನು ಮೂರು ಜನರ ಹತ್ತಿರ ಅಂದಾಗಿತ್ತು. ಸಾವ್ಕಾರರು ಅದನ್ನು ತೊಳೆದು ಒರೆಸಿ, ಚೆಂಡುಹೂವಿನ ಮಾಲೆ ಕಟ್ಟಿ ತಂದು ನಿಲ್ಲಿಸಿದ್ದರು. ಆಗ ನನ್ನ ಅತ್ತೆಯ ತಂಗಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

‘ಮದಿಮಗ ಒಬ್ಬ, ಮದಿಮಗಳು ಒಬ್ಬಾಕಿ, ಗಾಡಿ ಹೊಡ್ಯಾಂವ ಒಬ್ಬ. ಕುರ್ಚಿ ಎರಡ ಅದಾವಲ್ಲೊ ಯಪ್ಪಾ?’

ಅಷ್ಟು ದಿನ ಕಾರಿನ ಮೊಳೆಯ ಬಣ್ಣವನ್ನು ಕೂಡ ನೋಡಿದ್ದ ನಾನು ಇದನ್ನು ಯೋಚಿಸಿರಲಿಲ್ಲ. ಕೇರಿಯೆಲ್ಲ ನಕ್ಕಿತು. ಸಾವ್ಕಾರರು ಮಾತ್ರ ನಗದೆ, ‘ಸದ್ಯಕ್ಕ ಜರಾ ಒತ್ತಿ ಕುಂಡ್ರಿ’ ಎಂದರು. ಹೀಗೆ ನಾನೂ ನನ್ನ ಹೆಂಡತಿಯೂ ಮದುವೆಯಾಗಿ ಗಳಿಗೆ ಕಳೆಯುವಷ್ಟರಲ್ಲಿ ಊರೆಲ್ಲರ ಕಣ್ಣ ಮುಂದೆ ಒಂದೇ ಸೀಟಿನಲ್ಲಿ ಒತ್ತಿ ಕೂತೆವು. ನನ್ನ ಕಿವಿ ಬಿಸಿಯಾಗಿದ್ದು ಬಿಸಿಲಿಗಲ್ಲ.

ಹಲಗೆ ಬಡಿತದ ಸದ್ದಿನೊಡನೆ ಅಗಸಿ ದಾಟಿದೆವು. ಕಟ್ಟೆಯ ಮೇಲೆ ಗೌಡರು ಕೂತಿದ್ದರು, ಅಕ್ಕಪಕ್ಕ ನಾಲ್ಕೈದು ಹಿರಿಯರು. ಗೌಡರು ಕೈ ಎತ್ತಿದರು. ಹಲಗೆ ನಿಂತಿತು. ನನ್ನ ಹೆಂಡತಿ ನನ್ನ ಮುಂಗೈ ಹಿಡಿದಳು. ಹಿಂದೆ ಅಪ್ಪ ಇದ್ದಾನೆಂದು ಗೊತ್ತಿತ್ತು, ತಿರುಗಿ ನೋಡಲು ಧೈರ್ಯವಾಗಲಿಲ್ಲ. ಈಗ ಇಳಿಸುತ್ತಾರೆ, ಇಳಿಯದಿದ್ದರೆ ಹೊಡೆದಾಟವಾಗುತ್ತದೆ, ಈ ಸಾವ್ಕಾರ ಕಾರು ತಿರುಗಿಸಿಕೊಂಡು ಹೋಗಿಬಿಡುತ್ತಾನೆ, ಇಷ್ಟೂ ನನಗೆ ಒಂದೇ ಸಲ ಹೊಳೆಯಿತು.

‘ಸಾವ್ಕಾರ್ರ, ನೀವು ಹೊರಗಿನವ್ರು, ನಿಮಗ ಗೊತ್ತಿಲ್ಲ,’ ಗೌಡರ ಮಾತು ಮೆತ್ತಗೇ ಇತ್ತು. ‘ಈ ಕಟ್ಟಿ ಮುಂದ ಅವರು ಗಾಡಿ ಹೊಡ್ಕೊಂಡು ಹೋಗಂಗಿಲ್ಲ. ನೂಕ್ಕೊಂಡು ಹೋಗೂದು ಪದ್ಧತಿ.’

‘ಹೌದೇನ್ರಿ? ಯಾರೂ ಹೇಳಲೇ ಇಲ್ಲ ನೋಡ್ರಿ ನನಗ.’ ಸಾವ್ಕಾರರು ತಟ್ಟನೆ ಎಂಜಿನ್ ಆರಿಸಿ ಇಳಿದರು. ಜೇಬಿಗೆ ಕೈ ಹಾಕಿ ಕೀಲಿಯೊಂದನ್ನು ತೆಗೆದು ಗೌಡರ ಅಂಗೈಯಲ್ಲಿಟ್ಟರು. ‘ಊರ ಪದ್ಧತಿ ಮುರಿಯಾಕ ಬಂದಾಂವ ಅಲ್ರಿ ನಾ. ಇಕಾ, ಕೀಲಿ ನಿಮ್ಮ ಕೈಯಾಗ ಇರ್ಲಿ. ನೂಕೇ ಒಯ್ತೀವಿ.’

‘ಇಳೀರಿ ಅಂತ ಹೇಳ್ರಿ ಅವರಿಗೆ.’

‘ಹೊಡ್ಯಾಂವ ಇಳದೀನಲ್ರಿ ನಾ. ಒಂದ ಮಾತು ಕೇಳ್ತೀನಿ ಗೌಡ್ರ, ಸೈಕಲ್ ನೂಕಬೇಕಾದ್ರ ಕ್ಯಾರಿಯರ್ ಮ್ಯಾಲಿನ ಜ್ವಾಳದ ಚೀಲಾನೂ ಇಳಸ್ತಾರೇನ್ರಿ?’

ಕಟ್ಟೆಯ ಮೇಲಿನ ಒಬ್ಬ ಹಿರಿಯರು ಕಿಸಕ್ಕನೆ ನಕ್ಕರು. ಗೌಡರೂ ತಡೆಯಲಾರದೆ ನಕ್ಕು, ‘ಚೀಲ ಯಾಕ ಇಳಸ್ತಾರ?’ ಎಂದರು.

‘ಮತ್ತ ಇವರಿಬ್ರೂ ಇವತ್ತ ಚೀಲ ಇದ್ದಂಗ ನೋಡ್ರಿ. ಕುಂದ್ರಸಿದಲ್ಲಿ ಕುಂದ್ರವ್ರು. ಪಾಪ, ಅವರ ಕೈಯಾಗ ಏನೈತಿ?’ ಹೀಗೆನ್ನುತ್ತಲೇ ನನ್ನ ಕಡೆ ತಿರುಗಿ, ‘ಈ ಕಡಿ ಸರೀರಿ ಸಾಹೇಬ್ರ, ಸೀಟ್ ಖಾಲಿ ಆತು’ ಎಂದರು. ಹಿಂದಿದ್ದ ನಮ್ಮ ಹುಡುಗರಿಗೆ, ‘ನೂಕ್ರೋ!’

ಸರಕಾರಿ ನೌಕರನಾದ ನನ್ನನ್ನು ಮದುವೆಯ ದಿನ ಜೋಳದ ಚೀಲ ಎಂದರು. ಸಿಟ್ಟು ಬಂತು, ಆದರೆ ಸಿಟ್ಟು ಮಾಡುವಷ್ಟು ಪುರುಸೊತ್ತು ಸಿಗಲಿಲ್ಲ. ಕಾರು ಆಗಲೇ ಸರಿಯುತ್ತಿತ್ತು. ನಕ್ಕವರಿಗೆ ನಕ್ಕ ಮೇಲೆ ತಡೆಯುವುದು ಹೇಗೆಂದು ತಿಳಿಯಲಿಲ್ಲ. ಸಾವ್ಕಾರರು ಪಕ್ಕದಲ್ಲಿ ನಡೆಯುತ್ತಾ ಒಂದು ಕೈಯನ್ನು ಒಳಗೆ ಚಾಚಿ ಸ್ಟೇರಿಂಗ್ ಹಿಡಿದಿದ್ದರು. ಆಗ ನನ್ನ ಕಣ್ಣು ತನ್ನ ಕೆಲಸ ಮಾಡಿತು. ಕಾರಿನ ಕೀಲಿ ಅದರ ತೂತಿನಲ್ಲೇ ಇತ್ತು. ಗೌಡರ ಕೈಯಲ್ಲಿದ್ದದ್ದು ಗಿರಣಿಯ ಗೋದಾಮಿನ ಬೀಗದ ಕೀಲಿ.

ಕನ್ನಡಿಯಲ್ಲಿ ಅಪ್ಪ ಕಂಡ. ಹುಡುಗರ ನಡುವೆ ಜಾಗ ಮಾಡಿಕೊಂಡು ಎರಡೂ ಕೈಯಿಂದ ಕಾರನ್ನು ನೂಕುತ್ತಿದ್ದ. ಹುಟ್ಟಿದಾಗಿನಿಂದ ಆ ಕಟ್ಟೆಯ ಮುಂದೆ ತಲೆ ಬಗ್ಗಿಸಿ ನೂಕಿದವನು ಅಂದು ತಲೆ ಎತ್ತಿ, ಗೌಡರನ್ನೇ ನೋಡುತ್ತಾ ನೂಕಿದ. ಅವನ ಬಾಯಿ ಅಳುವವನ ಹಾಗೆ ಸೊಟ್ಟಗಾಗಿತ್ತು. ನನಗೂ ಅಳು ಬಂತು. ಹೆಂಡತಿ ಮಾತ್ರ ಅಳಲಿಲ್ಲ, ನೆಟ್ಟಗೆ ಕೂತು ಬೀದಿಯ ಎರಡೂ ಬದಿಯ ಮನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು.

ಬೀದಿಯ ಕೊನೆಯಲ್ಲಿ ಸಾವ್ಕಾರರು ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಿದರು. ಆ ಕಾರಿನ ಸದ್ದು ದೊಡ್ಡದು, ಊರಿಗೆಲ್ಲ ಕೇಳಿತು. ‘ಕೀಲಿ ಗೌಡ್ರ ಕೈಯಾಗ, ಗಾಡಿ ಹ್ಯಾಂಗ ಚಾಲೂ ಆತಲೇ?’ ಎಂದು ಯಾರೋ ಕೂಗಿದ್ದೇ ತಡ, ನಡುಬೀದಿಯೇ ನಕ್ಕಿತು. ಗೌಡರು ತಮ್ಮ ಅಂಗೈಯನ್ನು ನೋಡಿಕೊಂಡರಂತೆ. ಆಮೇಲೆ ಆ ಕೀಲಿಯನ್ನು ಬಾವಿಗೆಸೆದರಂತೆ. ಸಾವ್ಕಾರರು ಮರುದಿನ ಗೋದಾಮಿನ ಬೀಗ ಒಡೆಸಿದ್ದನ್ನು ನಾನೇ ಕಂಡೆ.

ಮದುವೆಯಾದ ಮೇಲೆ ನನ್ನ ಕಾಯುವಿಕೆ ಶುರುವಾಯಿತು. ಈ ತಿಂಗಳು ಕೇಳುತ್ತಾರೆ, ಮುಂದಿನ ತಿಂಗಳು ಕೇಳುತ್ತಾರೆ. ‘ಮೀಟರ್ ಸಾಹೇಬ್ರ, ಜರಾ ನೋಡಿನೂ ನೋಡಲಾರದಂಗ ಇರ್ರಿ’ ಎಂಬ ಮಾತು ಅವರ ಬಾಯಿಂದ ಯಾವಾಗ ಬೀಳುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ. ಬರಲಿಲ್ಲ. ಸೋಡಾ ಮಾತ್ರ ಬರುತ್ತಿತ್ತು. ಮನೆಯಲ್ಲಿ ಹೇಳಿದರೆ ಹೆಂಡತಿ ಉರಿದು ಬೀಳುತ್ತಿದ್ದಳು. ‘ಒಬ್ಬ ಮನಷ್ಯಾ ಸುಮ್ನ ಒಂದು ಚಲೋ ಕೆಲಸ ಮಾಡಾಕ ಬರಾಂಗಿಲ್ಲೇನ್ರಿ?’ ಬರುವುದಿಲ್ಲ ಎಂದೇ ನಾನು ವಾದಿಸುತ್ತಿದ್ದೆ.

ಸುಗ್ಗಿ ಬಂತು. ಊರ ಗಿರಣಿಗಳೆಲ್ಲ ಹಗಲಿರುಳು ಓಡುವ ಕಾಲ, ಮೀಟರುಗಳು ಬುಗುರಿಯ ಹಾಗೆ ತಿರುಗುವ ಕಾಲ. ಆ ತಿಂಗಳು ನನ್ನ ಬದಲಿಗೆ ಹೋದವನು ಬರೆದು ತಂದ ಸಾವ್ಕಾರರ ಗಿರಣಿಯ ಯೂನಿಟ್ಟು ನೋಡಿದರೆ ಹಿಂದಿನ ಸುಗ್ಗಿಯ ಅರ್ಧವೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಅಂತೂ ಕೈಗೆ ಸಿಕ್ಕರು. ಮರುದಿನವೇ ಹೇಳದೆ ಕೇಳದೆ ಸೈಕಲ್ ಹತ್ತಿ ಹೋದೆ. ಸೀಲು ಹಿಡಿದು ಜಗ್ಗಿದೆ, ಗಟ್ಟಿಯಾಗಿತ್ತು. ಕಂಬದಿಂದ ಬೇರೆ ತಂತಿ ಎಳೆದಿದ್ದಾರೆಯೇ ಎಂದು ಗಿರಣಿಯ ಸುತ್ತ ತಿರುಗಿದೆ, ಇರಲಿಲ್ಲ. ಆಮೇಲೆ ಒಳಗೆ ಕಾಲಿಟ್ಟೆ.

ಒಳಗೆ ಸದ್ದೇ ಇರಲಿಲ್ಲ. ಯಂತ್ರದ ಪಟ್ಟಾ ಕಳಚಿ ಗೋಡೆಗೆ ತೂಗುಹಾಕಿದ್ದರು. ಚೀಲ ಜೋಡಿಸುವ ಜಾಗವನ್ನು ಗುಡಿಸಿ ಬಿಟ್ಟಿದ್ದರು. ಮೂಲೆಯಲ್ಲಿ ಒಬ್ಬನೇ ಹಮಾಲ ಬೀಡಿ ಸೇದುತ್ತಾ ಕೂತಿದ್ದ.

‘ಭತ್ತ ಎಲ್ಲೋ?’ ಎಂದೆ.

‘ಆ ಕಡಿ ಊರಾಗಿಂದ ಒಂದ ಚೀಲಾನೂ ಬರವಲ್ದು ನೋಡ್ರಿ. ನಿಮ್ಮೂರ ಗೌಡ್ರು ಸುತ್ತಿನ ಎಲ್ಲಾ ಊರಿಗೂ ಹೇಳಿ ಕಳಿಸ್ಯಾರಂತ, ಈ ಮಿಲ್ಲಿಗೆ ಹಾಕಬ್ಯಾಡ್ರಿ ಅಂತ.’

ಸಾವ್ಕಾರರು ಒಳಗಿನ ಕೋಣೆಯಿಂದ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದರು. ನನ್ನನ್ನು ನೋಡಿ, ಹಮಾಲನನ್ನು ನೋಡಿ, ಅವನನ್ನು ಸೋಡಾ ತರಲು ಅಟ್ಟಿದರು.

‘ಮಿಲ್ ಯಾಕ ಬಂದ್ ಐತ್ರಿ ಸಾವ್ಕಾರ್ರ?’

‘ಏನ್ ಹೇಳೂದು ಸಾಹೇಬ್ರ,’ ಅವರು ಕಣ್ಣು ಕೂಡ ಮಿಟುಕಿಸಲಿಲ್ಲ. ‘ಈ ಸಲ ಕಾಲುವಿಗೆ ನೀರ ಬರಲಿಲ್ಲ. ನೀರಿಲ್ಲಂದ ಮ್ಯಾಲೆ ಭತ್ತ ಎಲ್ಲಿಂದ ಬರಬೇಕ್ರಿ?’

ಅವರ ಬೆನ್ನ ಹಿಂದಿನ ಕಿಟಕಿ ತೆರೆದೇ ಇತ್ತು. ಹೊರಗೆ ಕಾಲುವೆ ಎರಡೂ ದಂಡೆ ಮುಟ್ಟಿ ಹರಿಯುತ್ತಿತ್ತು. ಅದರಾಚೆ ಕಣ್ಣು ಹೋದಷ್ಟು ದೂರ ಭತ್ತದ ರಾಶಿ ಬಿದ್ದಿತ್ತು. ಸೋಡಾ ಬಂತು. ಒಂದನ್ನು ನಾನು ತೆಗೆದುಕೊಂಡು ಕುಡಿದೆ.

‘ಹೌದ್ರಿ ಸಾವ್ಕಾರ್ರ,’ ಎಂದೆ. ‘ಈ ಸಲ ನೀರ ಬರಲಿಲ್ಲ.’